ಎತ್ತಬೇಡಿ ಎಂದ ನಂಬರ್

ಜೂನ್ ೧೭, ಮಂಗಳವಾರ

ನಮ್ಮ ಆಸ್ಪತ್ರೆ ಲ್ಯಾಬಿನ ನಂಬರ್ ಈಗ ಎಲ್ಲರ ಮೊಬೈಲಿನಲ್ಲೂ ಕೆಂಪಾಗಿ ‘ಸ್ಪ್ಯಾಮ್’ ಎಂದು ಬರುತ್ತಿದೆ. ರಿಪೋರ್ಟ್ ಬಂದಾಗಲೆಲ್ಲ ಒಂದೇ ರಿಂಗ್ ಕೊಟ್ಟು ಕಟ್ ಮಾಡುವ ನಮ್ಮ ಚಾಳಿಗೆ ಸಿಕ್ಕ ಬಹುಮಾನ.

ಹಳ್ಳಿಮೈಸೂರಿನ ಪಾಲಾಕ್ಷಪ್ಪನವರ ಶುಗರ್ ಐನೂರು ದಾಟಿದೆ. ನಿನ್ನೆಯಿಂದ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಕೊನೆಗೆ ನನ್ನ ಸ್ವಂತ ಮೊಬೈಲಿನಿಂದ ಮಾಡಿದಾಗ ಎತ್ತಿದರು. ಲ್ಯಾಬಿನ ಫೋನ್ ಯಾಕೆ ಎತ್ತಲಿಲ್ಲ ಎಂದು ಕೇಳಿದೆ.

“ಅಯ್ಯೋ, ಅದು ಮೋಸದ ನಂಬರ್ ಕಣವ್ವ! ಎತ್ಬ್ಯಾಡಿ ಅಂತ ಮನೇರ್ಗೆ, ಊರೋರ್ಗೆಲ್ಲ ನಾನೇ ಯೋಳಿವ್ನಿ.”

ಸಿಟ್ಟು ಮಾಡಿಕೊಳ್ಳಲೂ ನನಗೆ ತ್ರಾಣವಿರಲಿಲ್ಲ; ಕೂಡಲೇ ಆಸ್ಪತ್ರೆಗೆ ಬನ್ನಿ ಅಂದೆ. ಸಂಜೆ ಬಸ್ಸಿಗೆ ಬಂದರು. ಡಾಕ್ಟರು ನೋಡಿದವರೇ ಅಡ್ಮಿಟ್ ಮಾಡಿಕೊಂಡರು. “ನಮ್ಮ ಮನೆಯೋಳ್ಗೆ ನೀನೇ ಒಂದ್ ಮಾತು ಯೋಳ್ಬುಡವ್ವ” ಅಂದರು ಪಾಲಾಕ್ಷಪ್ಪ.

ಸುಸ್ತಿನಲ್ಲಿ ಮರೆತು ಲ್ಯಾಬ್ ಫೋನಿನಿಂದಲೇ ಮಾಡಿದೆ. ಪೂರ್ತಿ ರಿಂಗಾಯಿತು. ಎತ್ತಲಿಲ್ಲ.

ಗಂಡನ ಮಾತು ಮೀರದ ಹೆಂಗಸು.