ಅಲಾಸ್ಕಾಕ್ಕೆ ಎಷ್ಟು ಡೀಸೆಲ್

ಆರ್ವಿಡ್,

ಮೀನಿನ ಸೂಪ್ ಒಲೆ ಮೇಲಿದೆ, ಬಿಸಿ ಮಾಡಿಕೊಂಡು ಕುಡಿ. ಮಾತ್ರೆ ಮರೀಬೇಡ.

ನಮ್ಮ ದೋಣಿಯ ಲೆಕ್ಕದ ಹಾಳೆ ನಿನ್ನ ಕೋಟಿನ ಜೇಬಲ್ಲಿ ಸಿಕ್ಕಿತು. ಏಳು ನಾಟ್ ವೇಗಕ್ಕೆ ಗಂಟೆಗೆ ಎರಡು ಗ್ಯಾಲನ್ ಡೀಸೆಲ್, ಅಲಾಸ್ಕಾ ಮುಟ್ಟೋಕೆ ನೂರ ಎಪ್ಪತ್ತೆರಡು. ಲೆಕ್ಕ ಸರಿಯಾಗೇ ಇದೆ. ಆದರೆ ಮೂವತ್ತು ವರ್ಷದಿಂದ ನೀನೇ ಹೇಳ್ತಾ ಬಂದಿದ್ದೀಯ: ಒಂದು ಪಾಲು ಹೋಗೋಕೆ, ಒಂದು ಬರೋಕೆ, ಒಂದು ಕೆಟ್ಟ ಗಾಳಿಗೆ. ಈ ಹಾಳೆಯಲ್ಲಿ ಬರೋ ಪಾಲೇ ಇಲ್ಲ. ಊಟವೂ ಒಬ್ಬನಿಗೇ ಬರೆದಿದ್ದೀಯ. ಡಾಕ್ಟರು ನಿನಗೆ ಇನ್ನು ಆರೇ ತಿಂಗಳು ಅಂದಿದ್ದಕ್ಕೆ ನನ್ನನ್ನ ಬಿಟ್ಟು ಹೊರಟೆಯಾ, ಕಳ್ಳ?

ಕೀಲಿ ಹುಡುಕಬೇಡ, ನನ್ನ ಹತ್ತಿರ ಇದೆ. ದೋಣಿಗೆ ಡೀಸೆಲ್ ತುಂಬಿಸೋಕೆ ಹೋಗಿದ್ದೀನಿ. ನಾನು ಬರೋದರೊಳಗೆ ಊಟ ಇಬ್ಬರಿಗೆ ಅಂತ ತಿದ್ದಿಡು.

ಬರೋ ಪಾಲನ್ನೂ ಬರಿ. ಅದು ನನಗೆ ಬೇಕಾಗುತ್ತೆ.

ಸೋಲ್ವೆಗ್