ಹುಣಸೆಮರದ ಕೆಳಗಿನ ಮಡಕೆ

ಅಪ್ಪ,

ಐರಾವತಿ ನದಿ ದಂಡೆಯ ನಮ್ಮೂರಿನವರು ಇವತ್ತು ನಿಮ್ಮ ಹೆಸರಿನಲ್ಲಿ ಹುಣಸೆಮರದ ಕೆಳಗೆ ಹೊಸ ನೀರಿನ ಮಡಕೆ ಇಟ್ಟರು. ದಾರಿಹೋಕರು ಕುಡಿದಷ್ಟೂ ಪುಣ್ಯ ನಿಮಗಂತೆ. ಅದಕ್ಕೆ ಕಟ್ಟಿದ್ದು ನಿಮ್ಮದೇ ಹಳೆಯ ತಗಡಿನ ಲೋಟ. ಕಾಲರಾ ಬಂದಾಗ ಎಲ್ಲರ ಬೆರಳನ್ನೂ ತನ್ನ ಜೊತೆ ನೀರಿಗಿಳಿಸಿದ ಲೋಟ. ಕೊನೆಗೆ ನೀವೂ ಅದರಲ್ಲೇ ಕುಡಿದು, ಕಾಲರಾಕ್ಕೇ ಹೋದಿರಿ.

ಆಗ ನಾನು ಆಸ್ಪತ್ರೆಯವರು ಹಂಚಿದ ಕರಪತ್ರ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ: ಹೊಟ್ಟೆಯ ಆಮ್ಲ ಒಂದಿಷ್ಟು ರೋಗಾಣುಗಳನ್ನು ಕೊಲ್ಲುತ್ತದೆ, ದಂಡೇ ನುಗ್ಗಿದರೆ ಸೋಲುತ್ತದೆ. ನೀವು ನಗುತ್ತಿದ್ದಿರಿ. "ನನ್ನ ಹೊಟ್ಟೆಗೆ ನಿನ್ನ ಕರಪತ್ರ ಓದೋಕೆ ಬರಲ್ಲ ಮಗಳೇ."

ಇವತ್ತು ಆ ಲೋಟ ಕಿತ್ತುಕೊಂಡೆ. ನಿಮ್ಮ ತಂಗಿ ಸೇನ್ ಮ್ಯಾ ಅತ್ತೆ ಎಲ್ಲರೆದುರು ಕೂಗಿದಳು: "ಅಪ್ಪನ ಪುಣ್ಯಕ್ಕೂ ಕಲ್ಲು ಹಾಕ್ತೀಯೇನೇ? ಬದುಕಿದ್ದಾಗ ಉಪದೇಶ ಮಾಡಿದ್ದು ಸಾಲ್ದಾ?"

ಅಷ್ಟರಲ್ಲಿ ಬಿಸಿಲಲ್ಲಿ ಬಂದ ಗಾಡಿಯವನೊಬ್ಬ, ಲೋಟ ಕಾಣದೆ, ಸಗಣಿ ಮೆತ್ತಿದ ಎರಡೂ ಕೈಗಳನ್ನು ಮಡಕೆಯೊಳಗೆ ಇಳಿಸಿ ಮೊಗೆದು ಕುಡಿದ. "ಒಳ್ಳೇದೇ ಆಯ್ತು ಬಿಡಮ್ಮ, ಲೋಟಕ್ಕಿಂತ ನನ್ನ ಬೊಗಸೆ ದೊಡ್ಡದು." ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕ್ರಾಂತಿ ಅಲ್ಲಿಗೆ ಮುಗಿಯಿತು.

ಆ ನೀರು ಚೆಲ್ಲಿ, ಮಡಕೆ ತೊಳೆದೆ. ಮನೆಯಲ್ಲಿ ಬೇರೆ ನೀರು ಕುದಿಸಿ, ಆರಿಸಿ ತುಂಬಿಸಿದೆ. ಬೆರಳು ತಾಗದಂತೆ ಲೋಟಕ್ಕೆ ಉದ್ದನೆಯ ಬಿದಿರಿನ ಹಿಡಿ ಕಟ್ಟಿದೆ. ಕರಪತ್ರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಯಾರೂ ಬೇಡವೆನ್ನಲಿಲ್ಲ. ಅತ್ತೆಯೇ ಮೊದಲು ಬೊಗಸೆಗೆ ಸುರಿದುಕೊಂಡು ಕುಡಿದಳು. "ಥೂ, ಹೊಗೆ ವಾಸನೆ," ಎಂದು ಮುಖ ಸಿಂಡರಿಸಿ, ಮತ್ತೆ ಸುರಿದುಕೊಂಡಳು.

ಒಂದು ಹೊರೆ ಸೌದೆ ಸಾಕಾಯಿತು, ಅಪ್ಪ. ಮತ್ತೇನೂ ಬೇಕಾಗಲಿಲ್ಲ.