ಅಣ್ಣನ ಬಲಗಾಲು

ಮಾರ್ಚ್ 12, ಗುರುವಾರ

ಬ್ರೇಕ್ ಒತ್ತಿದಾಗ ಬರುವ ಆ ಕೀರಲು ಸದ್ದು ಇನ್ನೂ ಕಿವಿಯಲ್ಲಿದೆ. ಇರಲಿ, ಇವತ್ತು ಗೆದ್ದವಳು ನಾನು.

ಕಳೆದ ತಿಂಗಳು ಬೆಟ್ಟ ಇಳಿಯುವಾಗ ಹಳೆಯ ಬ್ರೇಕ್ ಪ್ಯಾಡುಗಳು ಕಾದು, ಸುಟ್ಟ ವಾಸನೆ ಬಂದು, ಎಷ್ಟು ಒತ್ತಿದರೂ ಕಾರು ಜಾರುತ್ತಲೇ ಹೋಗಿತ್ತು. ಅಂದಿನಿಂದ ಅಣ್ಣ ನನ್ನ ಪಕ್ಕ ಕೂರಲಿಕ್ಕೇ ಹೆದರುತ್ತಿದ್ದ. ಹೊಸ ಪ್ಯಾಡು ಹಾಕಿಸಲು ಹೋದಾಗ ಗ್ಯಾರೇಜಿನವನದು ಒಂದೇ ಜಪ: "ಸೆರಾಮಿಕ್ ಹಾಕ್ಸಿ ಮೇಡಂ. ಸದ್ದಿಲ್ಲ, ಧೂಳಿಲ್ಲ." ಊರೊಳಗಿನ ಓಡಾಟಕ್ಕೆ ಅದು ಸರಿಯೇ. ನನ್ನ ದಾರಿಯೋ ದಿನವೂ ಇಳಿಜಾರು. ಬಿಸಿ ತಡೆಯಲಿ ಎಂದು ಲೋಹದ ಪುಡಿ ಬೆರೆಸಿದ ಪ್ಯಾಡನ್ನೇ ಹಠ ಹಿಡಿದು ಹಾಕಿಸಿದೆ.

ಮನೆ ಮುಂದೆ ಅದು ಕೀರುವ ಸದ್ದು ಕೇಳಿ ಅಣ್ಣ ಕೊಂಕು ತೆಗೆದ: "ಕವಿತೆ ಓದೋಳು ನೀನು, ಈ ಅಪಸ್ವರ ಹೇಗೆ ಸಹಿಸ್ತೀಯೇ?"

"ಕವಿತೆನೂ ನಿಲ್ಲೋ ಕಡೆ ನಿಂತ್ರೇನೇ ಚೆಂದ ಕಣೋ."

ನನಗೆ ಕಾರು ಕಲಿಸಿದವನು ಅವನೇ. ಇಷ್ಟು ವರ್ಷವಾದರೂ ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಲೇ ಇರುತ್ತಾನೆ. ಅವನ ಕಡೆಯ ಮ್ಯಾಟು ಅಲ್ಲೇ ತೂತು ಬಿದ್ದಿದೆ.

ಇವತ್ತು ವಿಧಿಯಿಲ್ಲದೆ ಜೊತೆಗೆ ಬಂದ. ಮೇಲಿನ ತಿರುವುಗಳಲ್ಲಿ ಆ ಕಾಲು ಒತ್ತುತ್ತಿದ್ದುದು ಕಂಡಿತ್ತು. ಆಮೇಲೆ ನಾನು ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ. ಬೆಟ್ಟದ ಬುಡದ ಹತ್ತಿರ ಕೆಟ್ಟು ನಿಂತ ಲಾರಿ. ಒತ್ತಿದೆ. ಕಾರು ಕೀರೆನ್ನುತ್ತಾ, ನಾನೆಂದುಕೊಂಡ ಜಾಗದಲ್ಲೇ ನಿಂತಿತು. ಸುಟ್ಟ ವಾಸನೆಯ ಸುಳಿವೂ ಇಲ್ಲ.

ಈಗ ಏನನ್ನುತ್ತಾನೋ ಎಂದು ತಿರುಗಿದರೆ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಬಲಗಾಲು ಸೀಟಿನ ಮೇಲೆ ಮಡಚಿಕೊಂಡಿತ್ತು.

ಎಬ್ಬಿಸಲಿಲ್ಲ. ಅಂಥ ಹೊಗಳಿಕೆಯನ್ನು ಯಾರಾದರೂ ಎಬ್ಬಿಸುತ್ತಾರೆಯೇ?